ದೀಪ ಹಿಡಿದ ನೈಟಿಂಗೇಲ್ ಎಲ್ಲರಿಗೂ ಗೊತ್ತು, ಲೆಕ್ಕ ಹಿಡಿದ ನೈಟಿಂಗೇಲ್ ಗೊತ್ತೇ?

ಪ್ರತಿ ವರ್ಷ ಮೇ 12 ಬಂದರೆ ಒಂದು ಫಾರ್ವರ್ಡ್ ತಪ್ಪದೆ ಬರುತ್ತದೆ. ಬಿಳಿ ಟೋಪಿ ಹಾಕಿದ ಮಹಿಳೆ, ಕೈಯಲ್ಲಿ ಎಣ್ಣೆ ದೀಪ, ಕೆಳಗೆ ದಾದಿಯರ ದಿನದ ಶುಭಾಶಯ. ಜೊತೆಗೆ ಒಂದು ಸಂದೇಶ: ಈಕೆ ಯುದ್ಧದ ಆಸ್ಪತ್ರೆಗೆ ಹೋದರು, ಎಲ್ಲರಿಗೂ ಕೈ ತೊಳೆಯುವುದನ್ನು ಕಲಿಸಿದರು, ಆರು ತಿಂಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಿಂದ 2ಕ್ಕೆ ಇಳಿಯಿತು.

ನಮ್ಮ ಮನೆಯವರ ಗ್ರೂಪಿಗೂ ಇದು ಬಂದಿತ್ತು. ನಾನೂ ಒಮ್ಮೆ ನೋಡದೆ ಮುಂದೆ ಕಳಿಸಿದ್ದೇನೆ.

ಈ ಸಂದೇಶದ ಅಂಕಿ ಎಲ್ಲಿಂದಲೋ ಹುಟ್ಟಿದ್ದಲ್ಲ. ಆದರೆ ಅದಕ್ಕೆ ಅಂಟಿಸಿರುವ ಕಥೆ ಸರಿಯಿಲ್ಲ. ಸರಿಯಿಲ್ಲ ಎಂದು ನಮಗೆ ತಿಳಿದಿರುವುದು ಯಾರಿಂದ ಗೊತ್ತೇ? ಸ್ವತಃ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದಲೇ. ತಾನು ದುಡಿದ ಆಸ್ಪತ್ರೆಯಲ್ಲೇ ಜನ ಯಾಕೆ ಅಷ್ಟು ಸತ್ತರು ಎಂದು ಲೆಕ್ಕ ಹಾಕಿ ತೋರಿಸಿದವರು ಅವರು. ಇಂದು ಆಸ್ಪತ್ರೆಯ ಕೌಂಟರಿನಲ್ಲಿ ನಮ್ಮ ಹೆಸರು, ವಯಸ್ಸು, ಕಾಯಿಲೆ ಕಂಪ್ಯೂಟರಿಗೆ ಹೋಗುತ್ತದಲ್ಲ, ಆ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ನೈಟಿಂಗೇಲ್ ಗೆರೆ ಎಳೆದು ಮಾಡಿದ ಒಂದು ಕಾಗದದ ಫಾರಂ ಸಿಗುತ್ತದೆ.

ಲೆಕ್ಕ ಇಷ್ಟಪಟ್ಟ ಹುಡುಗಿ

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನ ಶ್ರೀಮಂತ ಮನೆತನ. ತಂದೆ ವಿಲಿಯಂ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು.

ದಾದಿಯಾಗುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ಬಡವರು ಹೋಗುವ ಜಾಗ, ದಾದಿ ಕೆಲಸ ಎಂದರೆ ಮರ್ಯಾದೆ ಇಲ್ಲದ ಕೆಲಸ. ಮನೆಯವರಿಗೆ ಬೇಕಿದ್ದದ್ದು ಒಳ್ಳೆಯ ಸಂಬಂಧ. ವರ್ಷಗಟ್ಟಲೆ ಜಗಳ ನಡೆಯಿತು. ಬಂದ ಒಳ್ಳೆಯ ಸಂಬಂಧವನ್ನು ಫ್ಲಾರೆನ್ಸ್ ಬೇಡ ಎಂದರು. ಆ ವರ್ಷಗಳಲ್ಲಿ ಬೆಳಗಾಗುವ ಮೊದಲೇ ಎದ್ದು, ಆಸ್ಪತ್ರೆಗಳ ಮತ್ತು ಸಾರ್ವಜನಿಕ ಆರೋಗ್ಯದ ಸರ್ಕಾರಿ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಮನೆಯವರು ಏಳುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು ತಿಂಡಿಗೆ ಬಂದು ಕೂರುತ್ತಿದ್ದರು.

ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಮಹಿಳಾ ಆಸ್ಪತ್ರೆಯ ಮೇಲ್ವಿಚಾರಣೆ ವಹಿಸಿಕೊಂಡರು. ಮರುವರ್ಷವೇ ಯುದ್ಧ ಬಂತು.

ಸ್ಕುಟಾರಿಯಲ್ಲಿ ನಿಜವಾಗಿ ನಡೆದದ್ದೇನು?

ಕ್ರಿಮಿಯಾ ಎಂಬ ಪರ್ಯಾಯ ದ್ವೀಪದಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಸೇರಿ ರಷ್ಯಾದ ಮೇಲೆ ಯುದ್ಧ ಮಾಡುತ್ತಿದ್ದವು. ಗಾಯಗೊಂಡ, ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಸ್ಕುಟಾರಿಗೆ ತರುತ್ತಿದ್ದರು. ಸ್ಕುಟಾರಿ ಎಂದರೆ ಇಂದಿನ ಇಸ್ತಾಂಬುಲ್ ನಗರದ ಒಂದು ಭಾಗ. ಅಲ್ಲಿನ ದೊಡ್ಡ ಸೈನಿಕ ಬ್ಯಾರಕ್ ಒಂದನ್ನು ಆಸ್ಪತ್ರೆ ಮಾಡಿದ್ದರು. ಅಲ್ಲಿನ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದು ಲಂಡನ್ನಿನಲ್ಲಿ ಗಲಾಟೆಯಾಯಿತು. ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲ್ ಅವರನ್ನು ಕೇಳಿಕೊಂಡರು. 38 ಮಹಿಳೆಯರನ್ನು ಕರೆದುಕೊಂಡು 1854ರ ನವೆಂಬರ್ ಮೊದಲ ವಾರ ಅವರು ಅಲ್ಲಿ ಇಳಿದರು.

ಅವರು ಅಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಅಡುಗೆ ಮನೆ ಸರಿ ಮಾಡಿಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿಸಿದರು, ಅಂಗಿ, ಹಾಸಿಗೆ, ಸೋಪು ತರಿಸಿದರು, ರಾತ್ರಿ ವಾರ್ಡುಗಳಲ್ಲಿ ಸುತ್ತಿದರು. ಅಂದಹಾಗೆ, ಫಾರ್ವರ್ಡುಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂಥದ್ದು ಅವರ ಕೈಯಲ್ಲಿ ಇರಲಿಲ್ಲ. ಇದ್ದದ್ದು ತುರ್ಕಿಯಲ್ಲಿ ಬಳಸುವ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ಲಾಂದ್ರ.

ಆದರೆ ಅವರು ಬಂದ ಮೇಲೆ ಸಾವು ಇಳಿಯಲಿಲ್ಲ. ಆ ಚಳಿಗಾಲದಲ್ಲಿ ಸಾವು ಏರಿತು. 1855ರ ಜನವರಿ ಒಂದೇ ತಿಂಗಳಲ್ಲಿ ಅಲ್ಲಿನ ಬ್ರಿಟಿಷ್ ಸೈನ್ಯದಲ್ಲಿ ಗಾಯದಿಂದ ಸತ್ತವರು 83. ಭೇದಿ, ಕಾಲರಾ, ಜ್ವರದಂಥ ತಡೆಯಬಹುದಾದ ಕಾಯಿಲೆಗಳಿಂದ ಸತ್ತವರು 2,761. ಶತ್ರುವಿನ ಗುಂಡು ಒಬ್ಬನನ್ನು ಕೊಂದರೆ ಕೊಳಕು ಮೂವತ್ತಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತಿತ್ತು.

ಕಾರಣ ಕಟ್ಟಡದ ಕೆಳಗಿತ್ತು. ಬ್ಯಾರಕ್ಕಿನ ಅಡಿಯ ಚರಂಡಿಗಳು ಕಟ್ಟಿಕೊಂಡು ಮಲ ತುಂಬಿ ನಿಂತಿದ್ದವು. ವಾರ್ಡುಗಳಿಗೆ ಗಾಳಿ ಬರುತ್ತಿರಲಿಲ್ಲ. 1855ರ ಮಾರ್ಚಿನಲ್ಲಿ ಲಂಡನ್ನಿನಿಂದ ಒಂದು ನೈರ್ಮಲ್ಯ ಆಯೋಗ ಬಂತು. ಡಾಕ್ಟರ್ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರಲ್ಲಿದ್ದರು. ಅವರು ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಕಿಟಕಿ ತೆರೆಸಿದರು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಸತ್ತ ಕುದುರೆಯನ್ನು ಎತ್ತಿಸಿದರು. ಆಮೇಲೆ ಸಾವು ಸರಸರನೆ ಇಳಿಯಿತು. ಫೆಬ್ರವರಿಯಲ್ಲಿ ನೂರಕ್ಕೆ 42ರಷ್ಟಿದ್ದದ್ದು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಬಂತು.

ಅಂದರೆ ಫಾರ್ವರ್ಡಿನಲ್ಲಿರುವ 42 ಮತ್ತು 2 ಇಲ್ಲಿಯವೇ. ಆದರೆ ಆ ಇಳಿಕೆಗೆ ಮುಖ್ಯ ಕಾರಣ ಒಬ್ಬರ ದೀಪವೂ ಅಲ್ಲ, ಬರೀ ಕೈ ತೊಳೆಯುವುದೂ ಅಲ್ಲ. ಚರಂಡಿ.

ಮೂರು ಪುಸ್ತಕ, ಮೂರು ಲೆಕ್ಕ

ಆಗ ಸ್ಕುಟಾರಿಯಲ್ಲಿದ್ದ ನೈಟಿಂಗೇಲ್ ಅವರಿಗೂ ಇದು ಪೂರ್ತಿ ಗೊತ್ತಾಗಿರಲಿಲ್ಲ. ಊಟ ಸಾಲದೆ, ಬಟ್ಟೆ ಸಾಲದೆ, ತುಂಬಾ ತಡವಾಗಿ ಆಸ್ಪತ್ರೆಗೆ ಬಂದು ಸೈನಿಕರು ಸಾಯುತ್ತಿದ್ದಾರೆ ಎಂದೇ ಅವರು ಬಹುಮಟ್ಟಿಗೆ ನಂಬಿದ್ದರು.

ಅವರನ್ನು ಕಾಡಿದ ಇನ್ನೊಂದು ಸಂಗತಿ ದಾಖಲೆ. ಸತ್ತವರ ಲೆಕ್ಕವನ್ನು ಮೂರು ಕಡೆ ಬೇರೆ ಬೇರೆಯಾಗಿ ಬರೆಯುತ್ತಿದ್ದರು. ಮೂರರ ಮೊತ್ತವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಬ್ಬ ಮನುಷ್ಯ ಸತ್ತಿದ್ದಾನೆ, ಹೂಳಿದ್ದಾರೆ, ಆದರೆ ಒಂದು ಪುಸ್ತಕದಲ್ಲಿ ಅವನು ಇಲ್ಲ. ಕಾಯಿಲೆಯ ಹೆಸರನ್ನೂ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. ಹೀಗಿದ್ದರೆ ಯಾವುದು ಕೊಲ್ಲುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ?

1856ರ ಆಗಸ್ಟಿನಲ್ಲಿ ಊರಿಗೆ ಮರಳಿದಾಗ ಅವರು ದೇಶದ ಆರಾಧ್ಯ ದೇವತೆಯಂತಾಗಿದ್ದರು. ಮೆರವಣಿಗೆ, ಸನ್ಮಾನಗಳನ್ನು ತಪ್ಪಿಸಿಕೊಂಡು ಕೆಲಸಕ್ಕೆ ಕೂತರು. ಜೊತೆಗೆ ಸಿಕ್ಕವರು ವಿಲಿಯಂ ಫಾರ್. ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಸಾವಿನ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದ ವೈದ್ಯ. ಇಬ್ಬರೂ ಸೇರಿ ಯುದ್ಧದ ಸಾವುಗಳನ್ನು ತಿಂಗಳು ತಿಂಗಳಾಗಿ, ಆಸ್ಪತ್ರೆ ಆಸ್ಪತ್ರೆಯಾಗಿ ಬಿಡಿಸಿದರು.

ಲೆಕ್ಕ ತೋರಿಸಿದ್ದು ಕಹಿ ಸತ್ಯ. ಯುದ್ಧಭೂಮಿಯ ಹತ್ತಿರದ ಆಸ್ಪತ್ರೆಗಳಿಗಿಂತ ದೂರದ ಸ್ಕುಟಾರಿಯಲ್ಲೇ ಹೆಚ್ಚು ಜನ ಸತ್ತಿದ್ದರು. ನೈಟಿಂಗೇಲ್ ಹಗಲು ರಾತ್ರಿ ದುಡಿದ ಆ ಕಟ್ಟಡಕ್ಕೆ ಬಂದದ್ದೇ ಅನೇಕರ ಪ್ರಾಣಕ್ಕೆ ಮುಳುವಾಗಿತ್ತು. ಆ ಯುದ್ಧದಲ್ಲಿ ಕಾಯಿಲೆಗೆ ಬಲಿಯಾದ ಬ್ರಿಟಿಷ್ ಸೈನಿಕರು ಸುಮಾರು 16 ಸಾವಿರ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ದೇಶವೆಲ್ಲ ತನ್ನನ್ನು ಹೊಗಳುತ್ತಿರುವಾಗ ಆ ಅಂಕಿಯನ್ನು ಮುಚ್ಚಿಡುವುದು ಸುಲಭವಿತ್ತು. ಅವರು ಮುಚ್ಚಿಡಲಿಲ್ಲ. 1858ರಲ್ಲಿ ಬರೆದ ದೊಡ್ಡ ವರದಿಯಲ್ಲಿ ಸ್ಕುಟಾರಿಯ ಸಾವುಗಳನ್ನು, ಆಯೋಗದ ಕೆಲಸದ ಮುಂಚೆ ಮತ್ತು ನಂತರದ ವ್ಯತ್ಯಾಸವನ್ನು ಎದುರಿಗಿಟ್ಟರು.

ಅವರ ವೈದ್ಯಕೀಯ ಸಿದ್ಧಾಂತ ಸರಿಯಾಗಿತ್ತು ಎಂದೂ ಅಲ್ಲ. ಕೆಟ್ಟ ಗಾಳಿಯಿಂದ ಕಾಯಿಲೆ ಬರುತ್ತದೆ ಎಂದು ಆ ಕಾಲದ ಹಲವರಂತೆ ಅವರೂ ನಂಬಿದ್ದರು. ರೋಗಾಣುಗಳ ವಿಷಯ ವಿಜ್ಞಾನಿಗಳು ಗಟ್ಟಿ ಮಾಡಿದ್ದು ಆಮೇಲೆ. ಆದರೂ ಲೆಕ್ಕ ಅವರನ್ನು ಸರಿಯಾದ ಜಾಗಕ್ಕೆ, ಅಂದರೆ ಚರಂಡಿಯ ಹತ್ತಿರ, ಕರೆದೊಯ್ದಿತ್ತು.

ಅಂಕಿಯನ್ನು ಚಿತ್ರ ಮಾಡಿದ್ದು

ಸಚಿವರು, ಸೇನಾಧಿಕಾರಿಗಳು ಅಂಕಿಗಳ ಪಟ್ಟಿ ಓದುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದರು. ವರ್ಷವನ್ನು ಚಕ್ರದಂತೆ ಹನ್ನೆರಡು ಭಾಗ ಮಾಡಿ, ಒಂದೊಂದು ತಿಂಗಳಿಗೆ ಒಂದೊಂದು ಎಸಳು ಕೊಟ್ಟರು. ತಡೆಯಬಹುದಾದ ಕಾಯಿಲೆಗೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೋಡಿದ ಕೂಡಲೇ ನೀಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಎರಡನೆಯ ವರ್ಷದ ಚಕ್ರದಲ್ಲಿ ಅದೇ ನೀಲಿ ಕುಗ್ಗಿ ಹೋಗಿರುತ್ತದೆ.

ಮೊದಲು ಮಾಡಿಸಿದ ಚಿತ್ರಗಳಲ್ಲಿ ಒಂದು ದೋಷವಿತ್ತು. ಎಸಳಿನ ಉದ್ದ ಮಾತ್ರ ಸಂಖ್ಯೆಗೆ ತಕ್ಕಂತೆ ಇತ್ತು. ಉದ್ದ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ದೊಡ್ಡ ಸಂಖ್ಯೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇದು ತಿಳಿದ ಮೇಲೆ ಎಸಳಿನ ವಿಸ್ತೀರ್ಣವೇ ಸಂಖ್ಯೆಗೆ ಹೊಂದುವಂತೆ ಚಿತ್ರ ಬದಲಾಯಿತು. ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಷ್ಟೋ ಗ್ರಾಫುಗಳು ಈ ತಪ್ಪನ್ನು ಬೇಕೆಂದೇ ಮಾಡುತ್ತವೆ.

1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಆ ಸಂಘಕ್ಕೆ ಸೇರಿದ ಮೊದಲ ಮಹಿಳೆ ಅವರು.

ಎಲ್ಲ ಆಸ್ಪತ್ರೆಗೂ ಒಂದೇ ಫಾರಂ

ಯುದ್ಧದ ಆಸ್ಪತ್ರೆಗಳ ಕಥೆ ಹಾಗಾದರೆ ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಕಥೆ ಏನು ಎಂದು ನೋಡಿದಾಗ ಅಲ್ಲೂ ಅದೇ ಗೊಂದಲ. ಒಂದೊಂದು ಆಸ್ಪತ್ರೆ ಒಂದೊಂದು ರೀತಿ ಬರೆಯುತ್ತಿತ್ತು. ಹಾಗಾಗಿ ಯಾವ ಆಸ್ಪತ್ರೆಯಲ್ಲಿ ರೋಗಿ ಬದುಕುವ ಸಾಧ್ಯತೆ ಹೆಚ್ಚು ಎಂದು ಹೋಲಿಸಲು ಆಗುತ್ತಿರಲಿಲ್ಲ.

ಅವರು ಒಂದು ಮಾದರಿ ಫಾರಂ ಮಾಡಿದರು. ವರ್ಷದ ಆರಂಭದಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ಜನ ಸೇರಿದರು, ಎಷ್ಟು ಜನ ವಾಸಿಯಾಗಿ ಹೋದರು, ವಾಸಿಯಾಗದೆ ಹೋದವರು ಎಷ್ಟು, ಸತ್ತವರು ಎಷ್ಟು, ವರ್ಷದ ಕೊನೆಗೆ ಉಳಿದವರು ಎಷ್ಟು, ಸರಾಸರಿ ಎಷ್ಟು ದಿನ ಇದ್ದರು. ಇದೆಲ್ಲ ವಯಸ್ಸು, ಲಿಂಗ, ಕಾಯಿಲೆಯ ಪ್ರಕಾರ. ಕಾಯಿಲೆಗಳ ಹೆಸರಿಗೂ ಎಲ್ಲರಿಗೂ ಒಂದೇ ಪಟ್ಟಿ. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಈ ಯೋಜನೆ ಬಂತು. ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳು ಬಳಸಿಯೂ ನೋಡಿದವು.

ಆದರೆ ಅದು ಬಹಳ ದಿನ ಬಾಳಲಿಲ್ಲ. ಕಾಲಂಗಳು ಹೆಚ್ಚು, ತುಂಬುವವರು ಕಡಿಮೆ, ಖರ್ಚು ಜಾಸ್ತಿ. ಇಂದಿನ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಎಂಟ್ರಿ ಮಾಡಿ ಮಾಡಿ ಸುಸ್ತಾದ ದಾದಿಯರನ್ನು ಕೇಳಿದರೆ ಈ ಕಷ್ಟ ಅವರಿಗೆ ಅರ್ಥವಾಗುತ್ತದೆ.

ನೈಟಿಂಗೇಲ್ ಕೂಡ ಎಡವಿದ ಜಾಗ

1863ರಲ್ಲಿ ಬಂದ ಅವರ ಆಸ್ಪತ್ರೆಗಳ ಕುರಿತ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಫಾರ್ ಅವರ ಒಂದು ಪಟ್ಟಿ ಇದೆ. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 90ಕ್ಕೂ ಹೆಚ್ಚು! ಹಾಗಾದರೆ ಆಸ್ಪತ್ರೆಗೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಜನ ಸತ್ತರೇ? ಇಲ್ಲ.

ಆ ಲೆಕ್ಕದಲ್ಲಿ ಇಡೀ ವರ್ಷದ ಸಾವುಗಳನ್ನು ಒಂದು ದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ಒಂದು ಉದಾಹರಣೆ ನೋಡಿ. ಒಂದು ಆಸ್ಪತ್ರೆಯಲ್ಲಿ 100 ಹಾಸಿಗೆ, ವರ್ಷಕ್ಕೆ 1,000 ರೋಗಿಗಳು ಬರುತ್ತಾರೆ, 90 ಜನ ಸಾಯುತ್ತಾರೆ ಎಂದುಕೊಳ್ಳಿ. ಬಂದವರ ಲೆಕ್ಕದಲ್ಲಿ ಸಾವು ನೂರಕ್ಕೆ 9. ಹಾಸಿಗೆಯ ಲೆಕ್ಕದಲ್ಲಿ ನೂರಕ್ಕೆ 90. ಸತ್ತವರು ಅಷ್ಟೇ ಜನ, ಕೆಳಗಿನ ಸಂಖ್ಯೆ ಬದಲಾಯಿತು ಅಷ್ಟೇ. ಆ ಕಾಲದ ವೈದ್ಯರು ಇದನ್ನು ಹಿಡಿದು ಜೋರಾಗಿಯೇ ಆಕ್ಷೇಪಿಸಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು.

ನಮ್ಮ ಫೋನಿಗೆ ಬರುವ ಆರೋಗ್ಯದ ಸುಳ್ಳುಗಳಲ್ಲಿ ದೊಡ್ಡ ಪಾಲು ಇದೇ ಜಾತಿಯವು. ಲಸಿಕೆ ಪಡೆದ ಇಷ್ಟು ಜನ ಆಸ್ಪತ್ರೆ ಸೇರಿದರು ಎನ್ನುತ್ತವೆ, ಲಸಿಕೆ ಪಡೆದವರು ಒಟ್ಟು ಎಷ್ಟು ಎಂದು ಹೇಳುವುದಿಲ್ಲ.

ಬೆಂಗಳೂರಿನಿಂದಲೂ ಹೋದ ಉತ್ತರ

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಲಂಡನ್ನಿನ ಕೋಣೆಯಲ್ಲಿ ಕೂತೇ ಭಾರತದ ಲೆಕ್ಕ ತೆಗೆದರು. ಕ್ರಿಮಿಯಾದಲ್ಲಿ ಬಂದ ಕಾಯಿಲೆಯ ಪರಿಣಾಮದಿಂದ 1857ರ ನಂತರ ಅವರು ಹೆಚ್ಚಿನ ಕಾಲ ಹಾಸಿಗೆಯಲ್ಲೇ ಇರುತ್ತಿದ್ದರು. 1859ರಲ್ಲಿ ಭಾರತದಲ್ಲಿದ್ದ ಸೈನ್ಯದ ಆರೋಗ್ಯ ವಿಚಾರಿಸಲು ಒಂದು ರಾಯಲ್ ಕಮಿಷನ್ ನೇಮಕವಾಯಿತು. ಇಲ್ಲಿನ ದಂಡುಗಳಿಗೆಲ್ಲ ಪ್ರಶ್ನೆಪಟ್ಟಿ ಸಿದ್ಧ ಮಾಡಿಸಿದ್ದು ನೈಟಿಂಗೇಲ್. ನೀರು ಎಲ್ಲಿಂದ? ಚರಂಡಿ ಎಲ್ಲಿಗೆ? ಯಾವ ಕಾಯಿಲೆಗೆ ಎಷ್ಟು ಸಾವು?

ಬೆಂಗಳೂರು ದಂಡಿನಿಂದಲೂ ಉತ್ತರ ಹೋಯಿತು. ಕುಡಿಯಲು ಬಳಸುವ ಹಲಸೂರು ಕೆರೆಗೇ ದಂಡಿನ ಪೇಟೆಯ ಕೊಳಚೆ ಹರಿಯುತ್ತದೆ ಎಂಬುದು ಆ ದಾಖಲೆಯಲ್ಲಿ ಸೇರಿತು. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಆ ಲೆಕ್ಕ ಮುಖ್ಯವಾಗಿ ಬ್ರಿಟಿಷ್ ಸೈನಿಕರದ್ದು. ಅದೇ ಕೆರೆಯ ನೀರು ಕುಡಿಯುತ್ತಿದ್ದ ಪೇಟೆಯ ಜನರ ಸಾವಿಗೆ ಅಂಥ ಲೆಕ್ಕ ಇರಲಿಲ್ಲ. ಯಾರನ್ನು ಎಣಿಸುತ್ತಾರೋ ಅವರಿಗೆ ಮೊದಲು ಚರಂಡಿ ಬರುತ್ತದೆ. ನಂತರದ ವರ್ಷಗಳಲ್ಲಿ ನೈಟಿಂಗೇಲ್ ಭಾರತದ ಹಳ್ಳಿಗಳ ನೈರ್ಮಲ್ಯ, ಬರಗಾಲ, ನೀರಾವರಿಯ ಬಗ್ಗೆಯೂ ಬರೆದರು.

1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಕಾಗದದಿಂದ ಕಂಪ್ಯೂಟರಿಗೆ

ಅವರು ಬದುಕಿದ್ದಾಗಲೇ ಎರಡು ಬೆಳವಣಿಗೆ ಆದವು. ಒಂದು, ಕಾಯಿಲೆಗಳ ಹೆಸರಿಗೆ ಒಂದೇ ಪಟ್ಟಿ ಇರಬೇಕು ಎಂಬ ಫಾರ್ ಅವರ ಕೆಲಸ ಮುಂದುವರಿದು, 1893ರಲ್ಲಿ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿ ಬಂತು. ಇಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸುವ ಐಸಿಡಿ ಎಂಬ ಕಾಯಿಲೆಗಳ ಸಂಕೇತ ಪಟ್ಟಿ ಅದರದೇ ಸಂತತಿ. ಅದರ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂತು.

ಇನ್ನೊಂದು, ಅಮೆರಿಕದ ಹರ್ಮನ್ ಹಾಲರಿತ್ ಕಾರ್ಡಿನಲ್ಲಿ ತೂತು ಮಾಡಿ ಯಂತ್ರದಿಂದ ಎಣಿಸುವ ವಿಧಾನ ಕಂಡುಹಿಡಿದರು. 1890ರ ಅಮೆರಿಕದ ಜನಗಣತಿಯಿಂದ ಅದು ಪ್ರಸಿದ್ಧವಾಯಿತು. ಆದರೆ ಅದಕ್ಕೂ ಮೊದಲು ಅದನ್ನು ಪರೀಕ್ಷಿಸಿದ್ದು ಬಾಲ್ಟಿಮೋರ್ ನಗರದ ಸಾವಿನ ದಾಖಲೆಗಳ ಮೇಲೆ. ಹಾಲರಿತ್ ಅವರ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ ಮುಂದೆ ಐಬಿಎಂ ಆಯಿತು. ಹೀಗೆ ಲೆಕ್ಕದ ಯಂತ್ರ ಮೊದಮೊದಲು ಎಣಿಸಿದ್ದರಲ್ಲಿ ಸಾವಿನ ದಾಖಲೆಯೂ ಒಂದು.

ಈಗ ನಮ್ಮಲ್ಲಿ 2021ರಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದೆ, 14 ಅಂಕಿಗಳ ಆಭಾ ಸಂಖ್ಯೆ ಇದೆ. ಆಭಾ ಮಾಡಿಸಿದರೆ ನಮ್ಮ ಹಳೆಯ ದಾಖಲೆಯೆಲ್ಲ ತಾನಾಗಿ ಒಂದು ಕಡೆ ಬಂದು ಬೀಳುತ್ತದೆ ಎಂದು ಕೆಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ದಾಖಲೆ ಆಯಾ ಆಸ್ಪತ್ರೆ, ಲ್ಯಾಬುಗಳಲ್ಲೇ ಇರುತ್ತದೆ. ಅವು ಈ ವ್ಯವಸ್ಥೆಗೆ ಸೇರಿರಬೇಕು, ದಾಖಲೆ ನಮ್ಮ ಸಂಖ್ಯೆಗೆ ಜೋಡಣೆಯಾಗಿರಬೇಕು, ಬೇರೆಯವರು ನೋಡಲು ನಮ್ಮ ಒಪ್ಪಿಗೆ ಬೇಕು. ಅದಕ್ಕಿಂತ ಮುಖ್ಯವಾಗಿ, ಬರೆಯದೇ ಇದ್ದದ್ದನ್ನು ಯಾವ ಕಂಪ್ಯೂಟರೂ ಹುಡುಕಿಕೊಡುವುದಿಲ್ಲ. ಸಾವಿನ ಕಾರಣದ ಜಾಗದಲ್ಲಿ ಬರೀ ಹೃದಯ ನಿಂತಿತು ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಯಾವ ಸಾವಾದರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ. ನಿಲ್ಲಿಸಿದ್ದು ಡೆಂಗಿಯೋ, ಸಕ್ಕರೆ ಕಾಯಿಲೆಯೋ, ನಂಜೋ ಎಂಬುದು ಬೇಕು.

ನಾವು ಮಾಡಬಹುದಾದದ್ದು

ಅಂಕಿ ಇರುವ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ.

1. ಇದು ಎಷ್ಟು ಜನರಲ್ಲಿ ಇಷ್ಟು?
2. ಯಾವ ಅವಧಿಯಲ್ಲಿ?
3. ಎಣಿಸಿದವರು ಯಾರು, ಬಿಟ್ಟುಹೋದವರು ಯಾರು?

ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಂದೆ ಕಳಿಸಬೇಡಿ.

ನಮ್ಮ ಮನೆಯ ದಾಖಲೆಗೂ ಇದೇ ಮಾತು. ನಮ್ಮಲ್ಲಿ ಅಜ್ಜಿಯ ಚೀಟಿಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಒಂದು ಔಷಧಿ ಅವರಿಗೆ ಆಗುವುದಿಲ್ಲ ಎಂಬುದು ಅಮ್ಮನ ನೆನಪಿನಲ್ಲಿತ್ತೇ ಹೊರತು ಯಾವ ಚೀಟಿಯಲ್ಲೂ ಇರಲಿಲ್ಲ. ಈಗ ಒಂದು ಹಾಳೆಯಲ್ಲಿ ಇರುವ ಕಾಯಿಲೆ, ನುಂಗುವ ಮಾತ್ರೆ, ಆಗದ ಔಷಧಿ, ಆದ ಆಪರೇಷನ್ ಎಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದೇವೆ. ಫೋನಿನಲ್ಲಿ ಅದರ ಫೋಟೋ ಇದೆ. ಹತ್ತು ನಿಮಿಷದ ಕೆಲಸ. ತುರ್ತಿನಲ್ಲಿ ಡಾಕ್ಟರು ಮೊದಲು ಕೇಳುವುದು ಇದನ್ನೇ.

ಮುಂದಿನ ಮೇ 12ಕ್ಕೆ ದೀಪದ ಚಿತ್ರ ಮತ್ತೆ ಬರುತ್ತದೆ. ಶುಭಾಶಯ ಹೇಳೋಣ, ನಮ್ಮ ದಾದಿಯರು ಅದಕ್ಕೆ ಅರ್ಹರು. ಜೊತೆಗೆ ನಿಮ್ಮ ಮನೆಯ ಆ ಒಂದು ಹಾಳೆ ಬರೆದಾಯಿತೇ ಎಂದು ಗ್ರೂಪಿನಲ್ಲಿ ಕೇಳಿ.